ಕಲಬುರಗಿಯಿಂದ ಮುಂಬೈ ಮ್ಯಾರಥಾನ್‌ಗೆ: ಹೆಸರು ಹಾಕುವುದರಿಂದ ಊರಿಗೆ ಮರಳುವವರೆಗೆ

ಡಿಸೆಂಬರ್ ಬಂತೆಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತದೆ. "ಮುಂಬೈ ಮ್ಯಾರಥಾನ್ ಓಡಬೇಕು ಅಂತ ಆಸೆ ಇದೆ, ಏನು ಮಾಡಬೇಕು?" ಸ್ಟೇಡಿಯಂನಲ್ಲಿ ಕೇಳುತ್ತಾರೆ, ಅಪ್ಪನ ಕೆರೆಯ ಹತ್ತಿರ ಕೇಳುತ್ತಾರೆ, ಬೀದರ್‌ನಿಂದಲೂ ಯಾದಗಿರಿಯಿಂದಲೂ ಫೋನ್ ಮಾಡಿ ಕೇಳುತ್ತಾರೆ. ಡಿಸೆಂಬರ್‌ನಲ್ಲಿ ಕೇಳಿದವರಿಗೆ ನನ್ನ ಉತ್ತರ ಒಂದೇ. ಈ ಸಲ ಬೇಡ. ಮುಂದಿನ ಜನವರಿಗೆ ಈಗಿನಿಂದ ತಯಾರಾಗಿ. ಆ ತಯಾರಿ ಹೇಗೆ ಅನ್ನೋದನ್ನು ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಈ ಲೇಖನ.

ಮೊದಲೇ ಒಂದು ಮಾತು. ನಮ್ಮ ಭಾಗದವರು ಮುಂಬೈಯಲ್ಲಿ ಕಷ್ಟಪಡುವುದು ಕಾಲಿನಲ್ಲಿ ಬಲ ಇಲ್ಲದೆ ಅಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಮಂದಿ ನಾವು, ಬಿಸಿಲು ನಮಗೆ ಹೊಸದಲ್ಲ. ಆದರೆ ಮುಂಬೈಯ ತೇವದ ಗಾಳಿ ಹೊಸದು. ಅದರ ಜೊತೆಗೆ ಓಟದ ಹಿಂದಿನ ದಿನದ ಅಲೆದಾಟ, ಮೊದಲ ಹತ್ತು ಕಿಲೋಮೀಟರ್‌ನ ಆತುರ. ನಾನು ನೋಡಿದ ಹೆಚ್ಚಿನ ತೊಂದರೆಗಳೆಲ್ಲ ಈ ಮೂರರಿಂದಲೇ ಬಂದಿವೆ.

ಹಂತ 1: ಎಷ್ಟು ದೂರ ಓಡಬೇಕು ಅಂತ ಮೊದಲು ತೀರ್ಮಾನಿಸಿ

ಮುಂಬೈ ಮ್ಯಾರಥಾನ್ 2004ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. "ಮ್ಯಾರಥಾನ್" ಅಂದರೆ ಎಲ್ಲ ಓಟಕ್ಕೂ ಒಂದೇ ಹೆಸರು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮ್ಯಾರಥಾನ್ ಅಂದರೆ 42.195 ಕಿ.ಮೀ. ಅಷ್ಟೇ. ಹಾಫ್ ಮ್ಯಾರಥಾನ್ ಅದರ ಅರ್ಧ, 21 ಕಿ.ಮೀ.ಗೆ ಸ್ವಲ್ಪ ಜಾಸ್ತಿ. ಇವಲ್ಲದೆ 10 ಕಿ.ಮೀ. ಓಟವೂ ಇದೆ. ಸಮಯ ಲೆಕ್ಕ ಹಾಕದೆ ಸಂತೋಷಕ್ಕೆ ಓಡುವ, ನಡೆಯುವ ಡ್ರೀಮ್ ರನ್ ಕೂಡ ಇದೆ.

ಈಗ ನೀವು 5 ಕಿ.ಮೀ. ಮಾತ್ರ ಓಡುತ್ತಿದ್ದರೆ 10 ಕಿ.ಮೀ.ಗೆ ಹೋಗಿ. ಹತ್ತನ್ನು ಆರಾಮಾಗಿ ಓಡುತ್ತಿದ್ದರೆ ಹಾಫ್. ಕನಿಷ್ಠ ಒಂದು ವರ್ಷ ಬಿಡದೆ ಓಡಿರಬೇಕು, ಎರಡು ಮೂರು ಹಾಫ್ ಮುಗಿಸಿರಬೇಕು, ಆಮೇಲೆ ಫುಲ್. ಗೆಳೆಯ ಹಾಕಿದ ಅಂತ ನೀವೂ ಫುಲ್‌ಗೆ ಹೆಸರು ಹಾಕಬೇಡಿ. 42 ಕಿ.ಮೀ. ಎಂದರೆ 21ರ ಎರಡು ಪಟ್ಟು ಅಂತ ಲೆಕ್ಕ ಹೇಳುತ್ತದೆ, ಮೈ ಹಾಗೆ ಹೇಳುವುದಿಲ್ಲ. ಯಾಕೆ ಅನ್ನೋದು ಮುಂದೆ ಬರುತ್ತದೆ.

ನಲವತ್ತು ದಾಟಿದವರು, ಬಿಪಿ ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಅಭ್ಯಾಸ ಶುರು ಮಾಡುವ ಮುಂಚೆಯೇ ಡಾಕ್ಟರ್ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿ. ಹೆಸರು ಹಾಕಿದ ಮೇಲೆ ಅಲ್ಲ, ಮುಂಚೆ.

ಹಂತ 2: ಹೆಸರು ಹಾಕುವುದು, ಸರ್ಟಿಫಿಕೇಟ್ ಹೊಂದಿಸುವುದು

ರಿಜಿಸ್ಟ್ರೇಷನ್ ಮಳೆಗಾಲದಲ್ಲೇ ತೆರೆಯುತ್ತದೆ, ಆನ್‌ಲೈನ್‌ನಲ್ಲಿ. ಜಾಗ ಬೇಗ ತುಂಬುತ್ತದೆ. ದಸರಾ ಮುಗಿಯಲಿ, ದೀಪಾವಳಿ ಮುಗಿಯಲಿ ಅಂತ ಕೂತರೆ ಕೈತಪ್ಪುತ್ತದೆ.

ಎಡವುವ ಜಾಗ ಇನ್ನೊಂದಿದೆ. ಫುಲ್ ಮತ್ತು ಹಾಫ್‌ಗೆ ಹೆಸರು ಹಾಕುವಾಗ ಹಿಂದಿನ ಓಟದ ಟೈಮಿಂಗ್ ಸರ್ಟಿಫಿಕೇಟ್ ಕೇಳುತ್ತಾರೆ. ಅಂದರೆ, ಚಿಪ್ ಕಟ್ಟಿ ಸಮಯ ಅಳೆದ ಓಟವೊಂದನ್ನು ನೀವು ಮುಗಿಸಿದ್ದೀರಿ ಅನ್ನುವ ದಾಖಲೆ. ಸ್ಟೇಡಿಯಂನಲ್ಲಿ ನೀವೇ ಓಡಿ ಮೊಬೈಲ್ ಆ್ಯಪ್‌ನಲ್ಲಿ ಅಳೆದದ್ದು ನಡೆಯುವುದಿಲ್ಲ. ಯಾವ ದೂರದ್ದು, ಯಾವ ತಾರೀಖಿನ ಒಳಗಿನದು ಬೇಕು ಅನ್ನೋದನ್ನು ಆ ವರ್ಷದ ನಿಯಮದಲ್ಲಿ ಓದಿಕೊಳ್ಳಿ. ಸರ್ಟಿಫಿಕೇಟ್ ಇಲ್ಲದವರಿಗೆ ನಮ್ಮ ಭಾಗದಿಂದ ಹತ್ತಿರ ಎಂದರೆ ಹೈದರಾಬಾದ್. ಅಲ್ಲಿನ ಮ್ಯಾರಥಾನ್ ಆಗಸ್ಟ್‌ನಲ್ಲಿ ನಡೆಯುತ್ತದೆ, ಬೀದರ್‌ನವರಿಗಂತೂ ಮೂರು ನಾಲ್ಕು ಗಂಟೆಯ ದಾರಿ. ಬೆಂಗಳೂರಿನಲ್ಲೂ 10 ಕಿ.ಮೀ. ಓಟಗಳು ವರ್ಷಪೂರ್ತಿ ಇರುತ್ತವೆ. ಹಾಗಾಗಿ ಮುಂಬೈಗೆ ಹೋಗುವ ದಾರಿ ಮೊದಲು ಇನ್ನೊಂದು ಊರಿನ ಚಿಕ್ಕ ಓಟದ ಮೂಲಕ ಹೋಗುತ್ತದೆ ಅಂತ ತಿಳಿದುಕೊಂಡು ವರ್ಷದ ಲೆಕ್ಕ ಹಾಕಿ.

ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ ಎರಡೂ ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇರುವುದು ಜಾಸ್ತಿ. ಬಿಬ್ ಕೊಡುವ ಕೌಂಟರ್‌ನಲ್ಲಿ ಇದೇ ತಕರಾರಾಗುತ್ತದೆ. ಬಿಬ್ ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರ್ ಹಾಳೆ. ಸಮಯ ಅಳೆಯುವ ಚಿಪ್ ಸಾಮಾನ್ಯವಾಗಿ ಅದರ ಹಿಂದೆಯೇ ಅಂಟಿರುತ್ತದೆ, ಅದನ್ನು ಮಡಚಬೇಡಿ. ಬೇರೆಯವರ ಬಿಬ್ ಕಟ್ಟಿ ಓಡುವುದೂ ಬೇಡ. ದಾರಿಯಲ್ಲಿ ನಿಮಗೆ ಏನಾದರೂ ಆದರೆ ಆ ನಂಬರ್ ನೋಡಿಯೇ ರಕ್ತದ ಗುಂಪು, ಮನೆಯವರ ಫೋನ್ ಎಲ್ಲ ಹುಡುಕುತ್ತಾರೆ.

ಹಂತ 3: ಅಭ್ಯಾಸ

ಹಾಫ್‌ಗೆ 12ರಿಂದ 14 ವಾರ, ಫುಲ್‌ಗೆ 18ರಿಂದ 20 ವಾರ ಬೇಕು. ಅಂದರೆ ಫುಲ್ ಓಡುವವರು ಗಣೇಶ ಹಬ್ಬದ ಹೊತ್ತಿಗೆ ಶುರು ಮಾಡಿರಬೇಕು. ವಾರಕ್ಕೆ ನಾಲ್ಕು ದಿನ ಓಟ ಸಾಕು. ಅದರಲ್ಲಿ ಮೂರು ದಿನ ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ. ಪಕ್ಕದವರ ಜೊತೆ ಪೂರ್ತಿ ಒಂದು ವಾಕ್ಯ ಹೇಳಲು ಆಗದಿದ್ದರೆ ನೀವು ಜೋರಾಗಿ ಓಡುತ್ತಿದ್ದೀರಿ ಅಂತ ಅರ್ಥ.

ವಾರಕ್ಕೊಮ್ಮೆ ಉದ್ದ ಓಟ. ಇದೇ ಎಲ್ಲದರ ಬುಡ. ಪ್ರತಿ ವಾರ ಒಂದೆರಡು ಕಿಲೋಮೀಟರ್ ಮಾತ್ರ ಜಾಸ್ತಿ ಮಾಡಿ, ನಾಲ್ಕನೇ ವಾರ ಸ್ವಲ್ಪ ಇಳಿಸಿ, ಮತ್ತೆ ಏರಿಸಿ. ಹಾಫ್‌ನವರು 18 ಕಿ.ಮೀ.ವರೆಗೆ, ಫುಲ್‌ನವರು 30–32 ಕಿ.ಮೀ.ವರೆಗೆ ಹೋದರೆ ಸಾಕು. 42 ಪೂರ್ತಿ ಓಡಿ ನೋಡುತ್ತೇನೆ ಅನ್ನಬೇಡಿ, ಅದರಿಂದ ಸುಧಾರಿಸಿಕೊಳ್ಳಲು ವಾರಗಳೇ ಬೇಕು. ಕೊನೆಯ ಉದ್ದ ಓಟ ಮುಂಬೈಗೆ ಮೂರು ವಾರ ಮುಂಚೆ ಮುಗಿಯಬೇಕು. ಆಮೇಲೆ ದೂರ ಇಳಿಸುತ್ತಾ ಬರಬೇಕು. ಇದಕ್ಕೆ ಟೇಪರ್ ಅನ್ನುತ್ತಾರೆ, ಕಾಲಿಗೆ ವಿಶ್ರಾಂತಿ ಕೊಟ್ಟು ಬಲ ಕೂಡಿಡುವ ದಿನಗಳು. ಈ ದಿನಗಳಲ್ಲಿ ಮನಸ್ಸು ಚಡಪಡಿಸುತ್ತದೆ, "ಓಡದೆ ಕೂತರೆ ಎಲ್ಲ ಮರೆತುಹೋಗುತ್ತದೆ" ಅನ್ನಿಸುತ್ತದೆ. ಹಾಗಾಗಲ್ಲ. ಕೂತಿರಿ.

ಎಲ್ಲಿ ಓಡಬೇಕು? ಕಲಬುರಗಿಯಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಶರಣಬಸವೇಶ್ವರ ಕೆರೆಯ ಸುತ್ತ, ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ, ಇವು ಒಳ್ಳೆಯವು. ರಿಂಗ್ ರೋಡ್‌ನಲ್ಲಿ ಬೆಳಗಿನ ಕತ್ತಲೆಯಲ್ಲಿ ಒಬ್ಬರೇ ಓಡಬೇಡಿ. ಲಾರಿ ಜಾಸ್ತಿ, ನಾಯಿ ಇನ್ನೂ ಜಾಸ್ತಿ. ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿ, ವಾಹನ ಎದುರಿಗೆ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಓಡಿ, ಇಬ್ಬರು ಮೂವರು ಕೂಡಿ ಹೋಗಿ. ಹೆಣ್ಣುಮಕ್ಕಳು ಒಬ್ಬರೇ ಓಡಲು ಹಿಂಜರಿದು ಅಭ್ಯಾಸವನ್ನೇ ಬಿಟ್ಟದ್ದನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ನಾಲ್ಕು ಜನರ ಗುಂಪು ಕಟ್ಟಿಕೊಂಡರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಮಳೆಯಲ್ಲಿ ಹೊಲದ ದಾರಿ ಹಿಡಿಯಬೇಡಿ. ನಮ್ಮ ಎರೆಮಣ್ಣು ಬೂಟಿಗೆ ಮೆತ್ತಿಕೊಂಡರೆ ಕಾಲು ಕಿತ್ತು ಇಡುವುದೇ ಕಷ್ಟ, ಹಿಮ್ಮಡಿ ಹೊರಳುತ್ತದೆ.

ಏರು ಅಭ್ಯಾಸ ಮಾಡದೆ ಮುಂಬೈಗೆ ಹೋಗಬೇಡಿ. ಅಲ್ಲಿ ಪೆಡ್ಡರ್ ರೋಡ್ ಅಂತ ಒಂದು ಏರು ಇದೆ. ನೋಡಲು ದೊಡ್ಡದಲ್ಲ, ಆದರೆ ಫುಲ್ ಓಡುವವರಿಗೆ ವಾಪಸ್ ಬರುವಾಗ 35 ಕಿ.ಮೀ. ಆಸುಪಾಸಿನಲ್ಲಿ ಎದುರಾಗುತ್ತದೆ, ಕಾಲು ಖಾಲಿಯಾದ ಹೊತ್ತಿಗೆ. ಕಲಬುರಗಿ ಸಪಾಟು ಊರು, ಇಲ್ಲಿ ಸೇತುವೆಯ ಏರನ್ನೇ ಎಂಟು ಹತ್ತು ಸಲ ಹತ್ತಿ ಇಳಿಯಬೇಕು. ಬೀದರ್‌ನವರಿಗೆ ಅದೃಷ್ಟ ಇದೆ, ಊರಿರುವುದೇ ಎತ್ತರದಲ್ಲಿ, ಅಷ್ಟೂರಿನ ಗುಮ್ಮಟಗಳ ಕಡೆ ಇಳಿದು ವಾಪಸ್ ಹತ್ತಿದರೆ ಒಳ್ಳೆಯ ಅಭ್ಯಾಸ. ಯಾದಗಿರಿಯವರಿಗೆ ಕೋಟೆ ಬೆಟ್ಟ ಇದೆ. ಮೆಟ್ಟಿಲನ್ನು ನಡೆದು ಹತ್ತಿದರೂ ತೊಡೆಗೆ ಬಲ ಬರುತ್ತದೆ, ಇಳಿಯುವಾಗ ಮಾತ್ರ ಓಡಬೇಡಿ.

ಹಂತ 4: ಒಣ ಹವೆಯ ಮೈಯನ್ನು ತೇವದ ಹವೆಗೆ ಹೊಂದಿಸುವುದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನಮ್ಮಲ್ಲಿ ಓಡಿದಾಗ ಬೆವರು ಬಂದ ಹಾಗೇ ಆರಿಹೋಗುತ್ತದೆ. ಆರುವಾಗ ಮೈಯ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ, ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಹೀಗೇ. ಮುಂಬೈ ಸಮುದ್ರದ ಪಕ್ಕದ ಊರು. ಜನವರಿಯ ಬೆಳಗ್ಗೆ ತಂಪಾಗಿಯೇ ಇರುತ್ತದೆ, ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಮೈಮೇಲೆ ಹರಿಯುತ್ತದೆ. ಬೆವರು ಹೋಯಿತು, ಬಿಸಿ ಹೋಗಲಿಲ್ಲ. ಹೃದಯ ಅದೇ ವೇಗಕ್ಕೆ ಜಾಸ್ತಿ ಬಡಿದುಕೊಳ್ಳುತ್ತದೆ. ನನ್ನ ಮೊದಲ ಮುಂಬೈ ಹಾಫ್‌ನಲ್ಲಿ 6 ಕಿ.ಮೀ.ಗೇ ಟೀ ಶರ್ಟ್ ಹಿಂಡುವ ಹಾಗಾಗಿತ್ತು, ಅದರ ಅರ್ಥ ತಿಳಿಯದೆ ಅದೇ ವೇಗದಲ್ಲಿ ಓಡಿ 15ರಲ್ಲಿ ನಡೆಯಲು ಶುರು ಮಾಡಿದೆ.

ಮೂರು ಕೆಲಸ ಮಾಡಿ. ಒಂದು, ನಿಮ್ಮ ಬೆವರಿನ ಲೆಕ್ಕ ತಿಳಿದುಕೊಳ್ಳಿ. ಒಂದು ಗಂಟೆ ಓಡುವ ಮುಂಚೆ ತೂಕ ನೋಡಿ, ಓಡಿದ ಮೇಲೆ ಮೈ ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ, ನಡುವೆ ಕುಡಿದಿದ್ದರೆ ಅದನ್ನೂ ಸೇರಿಸಿ. ಎರಡು, ಕೊನೆಯ ಎರಡು ಮೂರು ವಾರ, ವಾರಕ್ಕೆ ಎರಡು ಚಿಕ್ಕ ಓಟಗಳನ್ನು ಬೆಳಗಿನ ಚಳಿಯಲ್ಲಿ ಮಾಡದೆ ಬಿಸಿಲೇರಿದ ಮೇಲೆ ಮಾಡಿ. ನಿಧಾನವಾಗಿ, 30–40 ನಿಮಿಷ ಮಾತ್ರ. ಬಿಸಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಮೂರು, ವೇಗದ ಗುರಿಯನ್ನು ಇಳಿಸಿ. ಕಲಬುರಗಿಯಲ್ಲಿ ಕಿಲೋಮೀಟರ್‌ಗೆ ಆರೂವರೆ ನಿಮಿಷ ಓಡುತ್ತಿದ್ದರೆ ಮುಂಬೈಯ ಮೊದಲ ಅರ್ಧವನ್ನು ಆರು ನಿಮಿಷ ನಲವತ್ತೈದು ಸೆಕೆಂಡ್‌ನಲ್ಲಿ ಓಡಿ.

ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯವೇ. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಮೇಲೆ ಮೇಲೆ ನೀರು ಸುರಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ, ಜೀವಕ್ಕೂ ಕುತ್ತು ಬರಬಹುದು. ಬಾಯಾರಿದಷ್ಟು ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ. ಅಭ್ಯಾಸದ ದಿನಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು: ಒಂದು ಲೀಟರ್ ಕುಡಿಯುವ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ಮಟ್ಟವಾಗಿ ತುಂಬಿದ್ದು. ಉಪ್ಪು ಜಾಸ್ತಿ ಹಾಕಬೇಡಿ.

ಹಂತ 5: ಊಟ

ಮೈಯಲ್ಲಿ ಓಟಕ್ಕೆ ಬೇಗ ಸಿಗುವ ಇಂಧನ ಗ್ಲೈಕೋಜೆನ್. ಅನ್ನ, ರೊಟ್ಟಿ, ಬೆಲ್ಲದಿಂದ ಬಂದ ಸಕ್ಕರೆಯನ್ನು ಸ್ನಾಯು ಮತ್ತು ಯಕೃತ್ತು ಕೂಡಿಟ್ಟುಕೊಂಡ ರೂಪ ಅದು. ಅದು ಸುಮಾರು 30 ಕಿ.ಮೀ.ವರೆಗೆ ಬರುತ್ತದೆ, ಆಮೇಲೆ ಖಾಲಿ. ಆಗ ಕಾಲು ಕಲ್ಲಾಗುತ್ತದೆ, ಯಾಕೆ ಓಡುತ್ತಿದ್ದೇನೆ ಅನ್ನೋದೇ ಮರೆಯುತ್ತದೆ. ಓಟಗಾರರು "ಗೋಡೆಗೆ ಬಡಿಯುವುದು" ಅನ್ನುವುದು ಇದನ್ನೇ. 42 ಕಿ.ಮೀ. 21ರ ಎರಡು ಪಟ್ಟು ಅಲ್ಲ ಅಂದದ್ದು ಇದಕ್ಕೆ. ಆದ್ದರಿಂದ ಓಟದ ನಡುವೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಎನರ್ಜಿ ಜೆಲ್ (ಚಿಕ್ಕ ಪೊಟ್ಟಣದಲ್ಲಿ ಬರುವ ಸಿಹಿ ಪಾಕ), ಖರ್ಜೂರ, ಬಾಳೆಹಣ್ಣು, ಯಾವುದಾದರೂ ಸರಿ. ಶೇಂಗಾ ಚಿಕ್ಕಿ ಬೇಡ, ಎಣ್ಣೆಯಂಶ ಜಾಸ್ತಿ, ಬೇಗ ಕರಗುವುದಿಲ್ಲ. ಯಾವುದನ್ನೇ ಆಗಲಿ ಉದ್ದ ಓಟದ ದಿನ ತಿಂದು ನೋಡಿರಬೇಕು. ಮುಂಬೈಯಲ್ಲಿ ಯಾರೋ ಕೊಟ್ಟರು ಅಂತ ಹೊಸ ಜೆಲ್ ಬಾಯಿಗೆ ಹಾಕಬೇಡಿ.

ಇನ್ನು ಸಂಕ್ರಾಂತಿ. ಓಟಕ್ಕೆ ಕೆಲವೇ ದಿನ ಮುಂಚೆ ಬರುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭೋಗಿಯ ಕಾಳು ತರಕಾರಿ ಪಲ್ಯ, ಶೇಂಗಾ ಹೋಳಿಗೆ ಬಿಟ್ಟು ಹಬ್ಬ ಮಾಡಿ ಅಂತ ನಾನು ಹೇಳುವುದಿಲ್ಲ. ಹಬ್ಬದ ದಿನ ತಿನ್ನಿ. ಆದರೆ ಶುಕ್ರವಾರದಿಂದ ಕಾಳು, ಪುಂಡಿ ಪಲ್ಯ, ಹಸಿ ಈರುಳ್ಳಿ, ಖಾರ ಎಲ್ಲ ಕಡಿಮೆ ಮಾಡಿ. ಜೋಳದ ರೊಟ್ಟಿಯೂ ಕೊನೆಯ ಎರಡು ದಿನ ಬೇಡ. ಅದರಲ್ಲಿ ನಾರು ಜಾಸ್ತಿ, ವರ್ಷವಿಡೀ ಒಳ್ಳೆಯದು, ಓಟದ ಹಿಂದಿನ ದಿನ ಮಾತ್ರ ಹೊಟ್ಟೆ ಭಾರ ಮಾಡುತ್ತದೆ. ಅನ್ನ ಸಾರು, ಇಡ್ಲಿ, ಮೊಸರನ್ನ, ಇಷ್ಟೇ.

ಹಂತ 6: ಬೂಟು, ಬಟ್ಟೆ

ಬೂಟು ಸಾಮಾನ್ಯ ಅಳತೆಗಿಂತ ಅರ್ಧ ನಂಬರ್ ದೊಡ್ಡದಿರಲಿ, ದೂರ ಓಡಿದಾಗ ಪಾದ ಊದಿಕೊಳ್ಳುತ್ತದೆ. ಹೊಸ ಬೂಟನ್ನು ಮುಂಬೈಯಲ್ಲಿ ಉದ್ಘಾಟನೆ ಮಾಡಬೇಡಿ, ಕನಿಷ್ಠ 80–100 ಕಿ.ಮೀ. ಓಡಿರಲಿ. ಕಾಟನ್ ಟೀ ಶರ್ಟ್ ಬೇಡ, ಒದ್ದೆಯಾದರೆ ಭಾರವಾಗಿ ಚರ್ಮ ಉಜ್ಜುತ್ತದೆ. ತೊಡೆಯ ಸಂದು, ಕಂಕುಳು, ಗಂಡಸರಿಗೆ ಮೊಲೆತೊಟ್ಟು, ಈ ಜಾಗಕ್ಕೆಲ್ಲ ವ್ಯಾಸಲೀನ್ ಹಚ್ಚಿ. ಒಣ ಹವೆಯಲ್ಲಿ ನಮಗೆ ಇದರ ಅಗತ್ಯ ಅಷ್ಟಾಗಿ ತಿಳಿಯುವುದಿಲ್ಲ, ಅಲ್ಲಿ ರಕ್ತ ಬಂದಾಗ ತಿಳಿಯುತ್ತದೆ.

ಹಂತ 7: ರೈಲು, ಬಿಬ್, ವಸತಿ

ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಆ ದಿನವೇ ತೆಗೆಯಿರಿ. ಸಂಕ್ರಾಂತಿ ರಜೆ ಒಂದು ಕಡೆ, ಅದೇ ಹೊತ್ತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಇನ್ನೊಂದು ಕಡೆ, ಈ ಲೈನ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಲಬುರಗಿಯಿಂದ ರಾತ್ರಿ ಹೋಗಲು ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಅನುಕೂಲ, ಬೆಳಗ್ಗೆ ಸಿಎಸ್‌ಎಂಟಿಯಲ್ಲಿ, ಅಂದರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣದಲ್ಲಿ ಇಳಿಸುತ್ತದೆ. ಯಾದಗಿರಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಬೀದರ್‌ನಿಂದ ಲಾತೂರ್ ಮೂಲಕ ಮುಂಬೈ ರೈಲು ಇದೆ, ಆದರೆ ದಿನಾ ಇಲ್ಲ, ವಾರ ನೋಡಿಕೊಳ್ಳಿ.

ಗುರುವಾರ ರಾತ್ರಿ ಹೊರಡಿ. ಶನಿವಾರ ಬೆಳಗ್ಗೆ ಇಳಿದು, ಅವತ್ತೇ ಬಿಬ್ ತೆಗೆದುಕೊಂಡು, ಭಾನುವಾರ ಓಡುತ್ತೇನೆ ಅನ್ನುವವರೇ ಜಾಸ್ತಿ, ಇದು ದೊಡ್ಡ ತಪ್ಪು. ಬಿಬ್ ಅನ್ನು ಓಟದ ಹಿಂದಿನ ದಿನಗಳಲ್ಲಿ ಎಕ್ಸ್‌ಪೋದಲ್ಲಿ ಕೊಡುತ್ತಾರೆ, ಅಂದರೆ ಓಟಗಾರರಿಗಾಗಿ ನಡೆಯುವ ಮಳಿಗೆ ಮೇಳ. ಭಾನುವಾರ ಕೊಡುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನಡೆದಿದೆ. ಸಿಎಸ್‌ಎಂಟಿಯಿಂದ ಲೋಕಲ್‌ನಲ್ಲಿ ಕುರ್ಲಾಕ್ಕೆ ಹೋಗಿ ಅಲ್ಲಿಂದ ಆಟೋ ಹಿಡಿಯಬಹುದು. ಗುರುತಿನ ಚೀಟಿ ಮೂಲಪ್ರತಿ ಇರಲಿ. ಶುಕ್ರವಾರವೇ ಈ ಕೆಲಸ ಮುಗಿಸಿಬಿಟ್ಟರೆ ಶನಿವಾರ ಪೂರ್ತಿ ಕಾಲು ಮೇಲೆ ಹಾಕಿ ಮಲಗಬಹುದು. ಗೇಟ್‌ವೇ ಆಫ್ ಇಂಡಿಯಾ, ಜುಹು, ಅಂಗಡಿ ಸುತ್ತಾಟ ಎಲ್ಲ ಓಟದ ನಂತರಕ್ಕೆ.

ವಸತಿ ನಿಮ್ಮ ಓಟ ಶುರುವಾಗುವ ಜಾಗ ನೋಡಿ ಹಿಡಿಯಿರಿ. ಫುಲ್ ಸಿಎಸ್‌ಎಂಟಿ ಎದುರಿನಿಂದ ಶುರುವಾಗುತ್ತದೆ, ಹಾಫ್ ಮಾಹಿಮ್‌ನಿಂದ. ಎರಡರ ನಡುವೆ ಹತ್ತು ಕಿ.ಮೀ.ಗಿಂತ ಜಾಸ್ತಿ ದೂರ ಇದೆ. ಹಾಫ್ ಓಡುವವರಿಗೆ ದಾದರ್, ಮಾಟುಂಗಾ ಒಳ್ಳೆಯದು, ಮಾಟುಂಗಾದ ಉಡುಪಿ ಹೋಟೆಲ್‌ಗಳಲ್ಲಿ ಇಡ್ಲಿ, ಅನ್ನ ಸಾರಿಗೆ ಕೊರತೆ ಇಲ್ಲ. ದಕ್ಷಿಣ ಮುಂಬೈಯಲ್ಲಿ ಆಟೋ ಓಡುವುದಿಲ್ಲ, ಟ್ಯಾಕ್ಸಿ ಮಾತ್ರ. ಭಾನುವಾರ ಬೆಳಗ್ಗೆ ರಸ್ತೆಗಳನ್ನೂ ಮುಚ್ಚಿರುತ್ತಾರೆ. ಲೋಕಲ್ ರೈಲನ್ನೇ ನಂಬಿ, ಬೆಳಗಿನ ಜಾವದ ವೇಳಾಪಟ್ಟಿಯನ್ನು ಶನಿವಾರವೇ ನೋಡಿಟ್ಟುಕೊಳ್ಳಿ. ಬ್ಯಾಗ್ ಎಲ್ಲಿ ಇಡಬೇಕು, ಎಲ್ಲಿ ವಾಪಸ್ ಸಿಗುತ್ತದೆ ಅನ್ನೋದನ್ನೂ ಓದಿಕೊಳ್ಳಿ, ಹಾಫ್‌ನವರು ಶುರು ಮಾಡಿದ ಜಾಗದಲ್ಲಿ ಮುಗಿಸುವುದಿಲ್ಲ.

ಹಂತ 8: ಓಟದ ಬೆಳಗ್ಗೆ

ಓಟ ಬೆಳಗಿನ ಜಾವ 5ರ ಸುಮಾರಿಗೆ ಶುರುವಾಗುತ್ತದೆ. ಹಾಗಾಗಿ 2.30ಕ್ಕೆ ಏಳಬೇಕು. ಶನಿವಾರ ರಾತ್ರಿ ನಿದ್ದೆ ಬರದಿದ್ದರೆ ಗಾಬರಿ ಬೇಡ, ಶುಕ್ರವಾರದ ನಿದ್ದೆ ಕೈಹಿಡಿಯುತ್ತದೆ. ಮೂರು ಗಂಟೆಯೊಳಗೆ ಬಾಳೆಹಣ್ಣು, ಬ್ರೆಡ್ ಅಥವಾ ಇಡ್ಲಿ ತಿನ್ನಿ. ಸಾವಿರಾರು ಜನರನ್ನು ವೇಗದ ಪ್ರಕಾರ ಗುಂಪು ಮಾಡಿ ನಿಲ್ಲಿಸುತ್ತಾರೆ, ಶೌಚಾಲಯದ ಸಾಲು ಉದ್ದ ಇರುತ್ತದೆ, ಒಂದು ಗಂಟೆ ಮುಂಚೆ ಹೋಗಿ.

ಡೋಲು, ಕೂಗು, ದೀಪ. ಅದರ ನಡುವೆ ನಿಧಾನ ಓಡುವುದು ಕಷ್ಟ, ಆದರೆ ಮಾಡಲೇಬೇಕಾದ ಕೆಲಸ ಅದೊಂದೇ. ಮೊದಲ ಹತ್ತು ಕಿಲೋಮೀಟರ್ ಎಲ್ಲರೂ ನಿಮ್ಮನ್ನು ದಾಟಿ ಹೋಗಲಿ. ಪೇಸರ್ ಅಂದರೆ ಗೊತ್ತಾದ ಸಮಯಕ್ಕೆ ಸರಿಯಾಗಿ ಮುಗಿಸುವ, ಕೈಯಲ್ಲಿ ಬಾವುಟ ಹಿಡಿದು ಓಡುವ ಅನುಭವಿ. ನಿಮ್ಮ ಗುರಿಗಿಂತ ಸ್ವಲ್ಪ ನಿಧಾನದ ಪೇಸರ್ ಹಿಂದೆ ಇರಿ.

ಬಾಂದ್ರಾ-ವರ್ಲಿ ಸೀ ಲಿಂಕ್ ಸುಮಾರು ಐದೂವರೆ ಕಿಲೋಮೀಟರ್. ಬೇರೆ ದಿನ ಅಲ್ಲಿ ಬೈಕ್‌ಗೂ ಪ್ರವೇಶ ಇಲ್ಲ, ನಡೆಯುವವರಿಗೂ ಇಲ್ಲ. ಅವತ್ತು ಮಾತ್ರ ಓಟಗಾರರ ಕಾಲು ಅದನ್ನು ಮುಟ್ಟುತ್ತದೆ. ಸುತ್ತ ಸಮುದ್ರ, ನೆತ್ತಿಯ ಮೇಲೆ ಕೇಬಲ್‌ಗಳು. ನಮ್ಮ ಎರೆಭೂಮಿಯಿಂದ ಹೋದವರಿಗೆ ಅಲ್ಲಿ ಗಂಟಲು ಕಟ್ಟುತ್ತದೆ, ನನಗೆ ಪ್ರತಿ ಸಲವೂ ಕಟ್ಟುತ್ತದೆ. ನೋಡಿ, ಸಂತೋಷಪಡಿ, ನಡುದಾರಿಯಲ್ಲಿ ಗಕ್ಕನೆ ನಿಂತು ಸೆಲ್ಫಿ ಮಾತ್ರ ಬೇಡ. ಹಿಂದಿನವರು ಬೀಳುತ್ತಾರೆ.

ನೀರಿನ ಮೇಜುಗಳಲ್ಲಿ ಮೊದಲನೆಯದಕ್ಕೇ ನುಗ್ಗಬೇಡಿ, ಕೊನೆಯದರಲ್ಲಿ ಜನ ಕಡಿಮೆ. ಅಲ್ಲದೆ ಮುಂಬೈಯ ಮಂದಿ ರಸ್ತೆಬದಿ ನಿಂತು ಬಿಸ್ಕತ್ತು, ಕಿತ್ತಳೆ, ಉಪ್ಪು ಹಂಚುತ್ತಾರೆ. ಪುಟ್ಟ ಮಕ್ಕಳು ಕೈ ಚಾಚಿ ನಿಂತಿರುತ್ತಾರೆ, ಒಂದೆರಡು ಕೈಗೆ ತಟ್ಟಿ ಹೋಗಿ. ಸೂರ್ಯ 7.15ರ ಹೊತ್ತಿಗೆ ಹುಟ್ಟುತ್ತಾನೆ, 8.30ರ ಮೇಲೆ ಬಿಸಿಲು ಚುರುಕು. ಫುಲ್ ಓಡುವವರಿಗೆ ಪೆಡ್ಡರ್ ರೋಡ್ ಏರು ಅದೇ ಹೊತ್ತಿಗೆ ಬರುತ್ತದೆ. ಅಲ್ಲಿ ಚಿಕ್ಕ ಹೆಜ್ಜೆ ಇಡಿ, ಬೇಕಿದ್ದರೆ ನಡೆದು ಹತ್ತಿ, ಇಳಿಜಾರು ಮುಗಿದರೆ ಮರೀನ್ ಡ್ರೈವ್.

ಎದೆ ಹಿಡಿದುಕೊಂಡರೆ, ಬೆವರು ನಿಂತುಹೋದರೆ, ಮಾತು ತೊದಲಿದರೆ, ಚಳಿ ಹತ್ತಿದ ಹಾಗಾದರೆ ನಿಲ್ಲಿ. ಪಕ್ಕದಲ್ಲೇ ವೈದ್ಯಕೀಯ ಸಹಾಯ ಇರುತ್ತದೆ. ನೋವಿನ ಮಾತ್ರೆ ನುಂಗಿ ಓಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಐಬುಪ್ರೊಫೇನ್‌ನಂಥ ಮಾತ್ರೆ, ನೀರು ಕಡಿಮೆಯಾದ ಮೈ, ಎರಡೂ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಹಂತ 9: ಮುಗಿದ ಮೇಲೆ

ಗೆರೆ ದಾಟಿದ ತಕ್ಷಣ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಒಣ ಬಟ್ಟೆ ಹಾಕಿ, ಓಆರ್‌ಎಸ್ ಕುಡಿಯಿರಿ, ಒಂದು ಗಂಟೆಯೊಳಗೆ ಊಟ. ವಾಪಸ್ ಟಿಕೆಟ್ ಭಾನುವಾರ ರಾತ್ರಿಗೆ ಇರಲಿ, ಲೋವರ್ ಬರ್ತ್ ಸಿಕ್ಕರೆ ಪುಣ್ಯ, ಮೇಲಿನ ಬರ್ತ್ ಹತ್ತಲು ತೊಡೆ ಒಪ್ಪುವುದಿಲ್ಲ. ಸೋಮವಾರ ಮೆಟ್ಟಿಲು ಇಳಿಯುವಾಗ ನೋವು ಜಾಸ್ತಿ ಇರುತ್ತದೆ, ಎರಡು ಮೂರು ದಿನ ಇದ್ದು ಹೋಗುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣದಲ್ಲಿ ಬಂದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಹಾಫ್ ಓಡಿದವರು ಒಂದು ವಾರ, ಫುಲ್ ಓಡಿದವರು ಎರಡು ವಾರ ಸುಮ್ನೆ ನಡೆದಾಡಿ. ಫಲಿತಾಂಶದ ಪುಟದಲ್ಲಿ ನಿಮ್ಮ ಬಿಬ್ ನಂಬರ್ ಹಾಕಿ ಟೈಮಿಂಗ್ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿಕೊಂಡು ಎರಡು ಕಡೆ ಜೋಪಾನ ಮಾಡಿ. ಬರುವ ಮಳೆಗಾಲದಲ್ಲಿ ಮತ್ತೆ ಹೆಸರು ಹಾಕುವಾಗ ಕೇಳುವುದು ಅದನ್ನೇ.